ಸಾಸಿವೆ ಡಬ್ಬಿಯ ಗೆರೆ

ಓದುಗರ ಪ್ರಶ್ನೆ: ಹಣ, ಮನೆ, ಮನಸ್ಸು

ಪ್ರಶ್ನೆ: ನನಗೆ 58 ವರ್ಷ, ನಮ್ಮ ಯಜಮಾನರಿಗೆ 66. ಸರ್ಕಾರಿ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರಾಗಿದ್ದವರು. ತಿಂಗಳಿಗೆ 41,000 ರೂಪಾಯಿ ಪಿಂಚಣಿ ಬರುತ್ತದೆ. ಮನೆ ಖರ್ಚು 17,000 ದಾಟಲು ಅವರು ಬಿಡುವುದಿಲ್ಲ. ಸ್ವಂತ ಮನೆ ಇದೆ, ಸಾಲ ಇಲ್ಲ, ಮಕ್ಕಳಿಬ್ಬರೂ ಅವರವರ ಕಾಲ ಮೇಲೆ ನಿಂತಿದ್ದಾರೆ. 38 ಲಕ್ಷ ಠೇವಣಿ ಇದೆ. ಅದರಲ್ಲಿ 21 ಲಕ್ಷ ಊರಿನ ಒಂದು ಪತ್ತಿನ ಸಹಕಾರ ಸಂಘದಲ್ಲಿದೆ, ಅಲ್ಲಿ ನೂರಕ್ಕೆ ಹತ್ತೂವರೆ ಬಡ್ಡಿ. 12 ಲಕ್ಷ ರಾಷ್ಟ್ರೀಕೃತ ಬ್ಯಾಂಕಿನಲ್ಲಿ, 5 ಲಕ್ಷ ಅಂಚೆ ಕಚೇರಿಯಲ್ಲಿ. ಎಲ್ಲವೂ ಅವರೊಬ್ಬರ ಹೆಸರಿನಲ್ಲಿ. ನನ್ನ ಬಲಮಂಡಿ ಸವೆದಿದೆ, ಆಪರೇಷನ್ ಆಗಬೇಕು, ಎರಡೂಕಾಲು ಲಕ್ಷ ಆಗಬಹುದು ಎಂದು ಡಾಕ್ಟರು ಹೇಳಿ ಒಂದೂವರೆ ವರ್ಷವಾಯಿತು. ಕೇಳಿದಾಗಲೆಲ್ಲ ‘ನೋಡೋಣ’ ಅನ್ನುತ್ತಾರೆ. ಪುಣೆಯಲ್ಲಿ ಮೊಮ್ಮಗನ ನಾಮಕರಣಕ್ಕೆ ಸ್ಲೀಪರಿನಲ್ಲಿ ಹೋಗಿ ಬಂದು ವಾರ ಮಲಗಿದೆ. ಜಗಳವಾಡಿದರೆ ‘ದುಡ್ಡಿದ್ದರೆ ರಾತ್ರಿ ನಿದ್ದೆ ಬರುತ್ತದೆ, ನಿನಗದು ಗೊತ್ತಾಗುವುದಿಲ್ಲ’ ಅನ್ನುತ್ತಾರೆ. ಅವರ ತಂದೆ ತೀರಿಕೊಂಡಾಗ ಸುಡುವ ಸೌದೆಗೂ ಸಾಲ ತಂದಿದ್ದರಂತೆ. ಅವರು ಕೆಟ್ಟವರಲ್ಲ. ನಾನು ಏನು ಮಾಡಲಿ?
– ಹೆಸರು ಬೇಡ, ತಿಪಟೂರು

ಉತ್ತರ: ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ಸೌದೆಯ ಮಾತು ಬಂದಲ್ಲಿ ಮೂರು ಸಲವೂ ನಿಂತೆ. ಮೇಷ್ಟ್ರನ್ನು ದಯವಿಟ್ಟು ಜಿಪುಣರು ಅನ್ನಬೇಡಿ. ಆ ದಿನ ಯಾರದೋ ಅಂಗಳದಲ್ಲಿ ಸೌದೆಗಾಗಿ ಕೈಕಟ್ಟಿ ನಿಂತ ಹುಡುಗ ಇನ್ನೂ ಅವರೊಳಗೆ ಹಾಗೇ ನಿಂತಿದ್ದಾನೆ. 38 ಲಕ್ಷ ಇದೆ ಎಂದು ಅವನಿಗೆ ಯಾರೂ ಹೇಳಿಲ್ಲ.

ನನ್ನ ಅಮ್ಮನ ವಿಷಯ ಹೇಳುತ್ತೇನೆ. ನಾವು ಸಾಗರದವರು. ಅಪ್ಪ ಅಡಿಕೆ ಮಂಡಿಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದರು. 1969ರ ಮಳೆಗಾಲದಲ್ಲಿ ನನ್ನ ತಮ್ಮನಿಗೆ ವಿಷಮಶೀತ ಜ್ವರ ಬಂತು. ಶಿವಮೊಗ್ಗಕ್ಕೆ ಕರೆದುಕೊಂಡು ಹೋಗಬೇಕಿತ್ತು, ಮನೆಯಲ್ಲಿ ಹನ್ನೊಂದು ರೂಪಾಯಿ ಇತ್ತು. ಅಮ್ಮನ ಬೆಂಡೋಲೆ ಅಡವಿಟ್ಟು, ನೂರಕ್ಕೆ ತಿಂಗಳಿಗೆ ಮೂರು ರೂಪಾಯಿ ಬಡ್ಡಿಯಂತೆ ಅಪ್ಪ ಮುನ್ನೂರು ತಂದರು. ವರ್ಷಕ್ಕೆ ನೂರಕ್ಕೆ ಮೂವತ್ತಾರು! ತಮ್ಮ ಉಳಿದ. ಬೆಂಡೋಲೆ ಮನೆಗೆ ಬರಲು ನಾಲ್ಕು ವರ್ಷ ಹಿಡಿಯಿತು. ಅಷ್ಟೂ ಕಾಲ ಅಮ್ಮ ಕಿವಿಯ ತೂತು ಮುಚ್ಚಿಹೋಗದಿರಲಿ ಎಂದು ಹಿಡಿಸೂಡಿಯ ಕಡ್ಡಿ ಚುಚ್ಚಿಕೊಂಡಿದ್ದಳು.

ಅದಾದ ಮೇಲೆ ಅಮ್ಮನ ಸಾಸಿವೆ ಡಬ್ಬಿಗೆ ಒಂದು ಕಟ್ಟಳೆ ಬಂತು. ಸಾಸಿವೆಯ ಅಡಿಯಲ್ಲಿ, ಎಣ್ಣೆ ಕಾಗದದಲ್ಲಿ ಸುತ್ತಿದ ನೂರು ರೂಪಾಯಿ. ಅದನ್ನು ಮುಟ್ಟುವ ಹಾಗಿರಲಿಲ್ಲ. ಅಪ್ಪ ಕೇಳಿದರೂ ಇಲ್ಲ, ಹಬ್ಬಕ್ಕೂ ಇಲ್ಲ. ಅದರ ಮೇಲೆ ಸಾಸಿವೆ, ಸಾಸಿವೆಯ ಮೇಲೆ ಬಿಡಿ ಚಿಲ್ಲರೆ. ಆ ಚಿಲ್ಲರೆಯ ಖರ್ಚಿಗೆ ಅಮ್ಮ ಕೈ ಬಿಗಿ ಹಿಡಿಯುತ್ತಲೇ ಇರಲಿಲ್ಲ. ಮೂರು ವರ್ಷಕ್ಕೊಮ್ಮೆ ಸಾಗರದಲ್ಲಿ ಮಾರಿಕಾಂಬಾ ಜಾತ್ರೆ ನಡೆಯುತ್ತದೆ. ಆಗ ಡಬ್ಬಿಯ ಮೇಲಿನದ್ದನ್ನೆಲ್ಲ ಸೆರಗಿಗೆ ಸುರಿದುಕೊಂಡು ನಮ್ಮನ್ನು ಎಳೆದುಕೊಂಡು ಹೊರಡುತ್ತಿದ್ದಳು. ಬಳೆ, ಬೆಂಡು-ಬತ್ತಾಸು, ತೊಟ್ಟಿಲು, ರಾತ್ರಿಗೆ ಕಂಪನಿ ನಾಟಕ. ಚಿಲ್ಲರೆ ಪೂರ್ತಿ ಮುಗಿಸಿಯೇ ಮನೆಗೆ. ಕೆಳಗೆ ನೂರು ಇದೆಯಲ್ಲ, ಅದು ಇದ್ದದ್ದರಿಂದಲೇ ಮೇಲಿನದ್ದನ್ನು ಅವಳು ಅಷ್ಟು ಸಲೀಸಾಗಿ ಖರ್ಚು ಮಾಡುತ್ತಿದ್ದಳು. ಬೆಲೆ ಏರಿದ ಹಾಗೆ ಆ ನೂರನ್ನು ಇನ್ನೂರು ಮಾಡಿದಳು, ನನಗೆ ಬ್ಯಾಂಕಿನಲ್ಲಿ ನೌಕರಿ ಸಿಕ್ಕ 1981ರ ಹೊತ್ತಿಗೆ ಐನೂರು. ಡಬ್ಬಿಯೊಳಗಿನ ಗೆರೆ ಮೇಲಕ್ಕೆ ಸರಿಯುತ್ತಿತ್ತು, ಆದರೆ ಗೆರೆ ಅಂತ ಒಂದು ಇತ್ತು.

ಮೇಷ್ಟ್ರ ಡಬ್ಬಿಯಲ್ಲಿ ಆ ಗೆರೆ ಇಲ್ಲ. 38 ಲಕ್ಷವೂ ಎಣ್ಣೆ ಕಾಗದದೊಳಗೇ ಇದೆ. ಹಾಗಾಗಿ ನಾಳೆ ಅದು 50 ಆದರೂ ‘ನೋಡೋಣ’ ಎಂಬ ಮಾತು ಬದಲಾಗುವುದಿಲ್ಲ.

ಒಂದು ಭಾನುವಾರ ಬೆಳಗ್ಗೆ, ಜಗಳವಿಲ್ಲದ ಹೊತ್ತು ನೋಡಿ, ಒಂದು ಹಾಳೆ ತೆಗೆದುಕೊಂಡು ಅವರ ಮುಂದೆ ಕೂತುಕೊಳ್ಳಿ. ‘ನಿಮಗೆ ಏನೇನು ಭಯ, ಬರೆಯಿರಿ’ ಅನ್ನಿ. ಗಣಿತದ ಮೇಷ್ಟ್ರು, ಬರೆಯುತ್ತಾರೆ. ಆಸ್ಪತ್ರೆ ಅಂತ ಬರೆಯಬಹುದು. ತಾವು ಹೋದ ಮೇಲೆ ನಿಮ್ಮ ಗತಿ ಏನು ಅಂತ ಬರೆಯಬಹುದು, ನನ್ನ ಊಹೆಯಲ್ಲಿ ಅದೇ ಮೊದಲನೆಯದು. ಆಮೇಲೆ ಪ್ರತಿಯೊಂದರ ಮುಂದೆ ಒಂದು ಮೊತ್ತ ಬರೆಸಿ. ಇಬ್ಬರ ಆಸ್ಪತ್ರೆಗೆ 8 ಲಕ್ಷ ಇಟ್ಟುಕೊಳ್ಳೋಣ. ಒಂದು ವರ್ಷದ ಮನೆ ಖರ್ಚು ಎರಡು ಲಕ್ಷ ಚಿಲ್ಲರೆ. ನಿಮ್ಮ ಹೆಸರಿಗೆ ಕೈಗಾವಲಾಗಿ 5 ಲಕ್ಷ. ಒಟ್ಟು 15 ಲಕ್ಷ ಆಯಿತು. ಅವರು 17 ಅಂದರೆ 17 ಬರೆಯಿರಿ, ಚೌಕಾಸಿ ಮಾಡಬೇಡಿ. ಬ್ಯಾಂಕು ಮತ್ತು ಅಂಚೆ ಕಚೇರಿಯಲ್ಲಿ ಇರುವುದೇ 17 ಲಕ್ಷ. ಅಂದರೆ ಭಯದ ಪಾಲು ಎಂದೋ ತುಂಬಿ ಆಗಿದೆ.

ನಿಮ್ಮ ಗತಿಯ ಲೆಕ್ಕವನ್ನೂ ಅದೇ ಹಾಳೆಯಲ್ಲಿ ಮಾಡಿ. ನಮ್ಮ ರಾಜ್ಯದಲ್ಲಿ ಪೂರ್ಣ ಸೇವೆ ಮಾಡಿದವರ ಪಿಂಚಣಿ ಕೊನೆಯ ಮೂಲ ವೇತನದ ಅರ್ಧ, ಅವರ ನಂತರ ಹೆಂಡತಿಗೆ ಬರುವ ಕುಟುಂಬ ಪಿಂಚಣಿ ಅದೇ ವೇತನದ ಶೇ 30. ಅವರ ನೂರು ರೂಪಾಯಿಯ ಜಾಗದಲ್ಲಿ ನಿಮಗೆ ಸುಮಾರು ಅರವತ್ತು, ಅದರ ಮೇಲೆ ತುಟ್ಟಿಭತ್ಯೆಯೂ ಇರುತ್ತದೆ. 41,000ಕ್ಕೆ ಹಿಡಿದರೆ 24,000ದ ಆಸುಪಾಸು. ಇಬ್ಬರ ಈಗಿನ ಖರ್ಚೇ 17,000. ಇದನ್ನು ಮೇಷ್ಟ್ರು ಕಣ್ಣಾರೆ ನೋಡಲಿ. ಹೆಂಡತಿಯ ಮುಂದಿನ ದಿನಗಳಿಗಾಗಿ ಗಂಡ ಚಿಂತಿಸುವುದು ಪ್ರೀತಿಯೇ. ಆದರೆ ಅದೇ ಚಿಂತೆಯಲ್ಲಿ ಇವತ್ತು ನೀವು ಗೋಡೆ ಹಿಡಿದು ನಡೆಯುವಂತಾಗಿದೆ.

ಈಗ ನನಗೆ ನಿಜಕ್ಕೂ ನಿದ್ದೆಗೆಡಿಸಿದ ವಿಷಯ: ಆ 21 ಲಕ್ಷ. ಸಹಕಾರ ಸಂಘಗಳ ಮೇಲೆ ನನಗೆ ಗೌರವವಿದೆ. ಗದಗ ಬಳಿಯ ಕಣಗಿನಹಾಳದಲ್ಲಿ 1905ರಲ್ಲಿ ರೈತರು ಕೂಡಿ ಕಟ್ಟಿದ ಸಂಘದ ನಾಡು ನಮ್ಮದು. ಒಳ್ಳೆಯ ಸಂಘಗಳು ಇಂದಿಗೂ ಬಹಳ ಇವೆ. ಆದರೆ ಒಂದು ವ್ಯತ್ಯಾಸ ನಿಮಗೆ ಗೊತ್ತಿರಲೇಬೇಕು. ರಿಸರ್ವ್ ಬ್ಯಾಂಕ್ ಪರವಾನಗಿ ಪಡೆದ ಬ್ಯಾಂಕು, ಅದು ಸಹಕಾರಿ ಬ್ಯಾಂಕೇ ಆಗಿರಲಿ, ಮುಗ್ಗರಿಸಿದರೆ ಒಬ್ಬ ಠೇವಣಿದಾರನಿಗೆ ಅಸಲು-ಬಡ್ಡಿ ಸೇರಿ 5 ಲಕ್ಷದವರೆಗೆ ವಿಮೆ ಇದೆ. 2020ರ ಫೆಬ್ರುವರಿವರೆಗೆ ಅದು ಬರೀ ಒಂದು ಲಕ್ಷವಿತ್ತು. ಪತ್ತಿನ ಸಹಕಾರ ಸಂಘಕ್ಕೆ, ಸೌಹಾರ್ದ ಸಹಕಾರಿಗೆ ಈ ವಿಮೆ ಇಲ್ಲವೇ ಇಲ್ಲ. ಹಲಗೆಯ ಮೇಲೆ ಏನೇ ಬರೆದಿರಲಿ, ಕೌಂಟರು ಬ್ಯಾಂಕಿನಂತೆಯೇ ಕಾಣಲಿ, ಇಲ್ಲ. ಐದು ರೂಪಾಯಿ ಉಳಿಸಲು ಬಿಸಿಲಲ್ಲಿ ನಡೆಯುವ ಮನುಷ್ಯ ಅರ್ಧಕ್ಕಿಂತ ಹೆಚ್ಚು ಜೀವಮಾನದ ಗಳಿಕೆಯನ್ನು ವಿಮೆಯಿಲ್ಲದ ಒಂದೇ ಕಡೆ ಇಟ್ಟು ನಿದ್ದೆ ಮಾಡುತ್ತಿದ್ದಾರೆ ಎಂದರೆ, ಆ ನಿದ್ದೆಗೆ ಆಧಾರ ಗಟ್ಟಿಯಿಲ್ಲ. ಮಿತವ್ಯಯದ ಶ್ರಮವೆಲ್ಲ ನೂರಕ್ಕೆ ಎರಡು ಮೂರು ರೂಪಾಯಿ ಹೆಚ್ಚಿನ ಬಡ್ಡಿಯ ಆಸೆಯ ಮೇಲೆ ನಿಲ್ಲಬಾರದು.

ಅವಧಿ ಮುಗಿದ ಹಾಗೆ ಸಂಘದ ಒಂದೊಂದೇ ಠೇವಣಿ ಬಾಂಡು ಹೊರತೆಗೆಯಿರಿ. ಮುಗಿಯಲು ವರ್ಷಕ್ಕಿಂತ ಹೆಚ್ಚಿದ್ದರೆ ಬಡ್ಡಿಯಲ್ಲಿ ಸ್ವಲ್ಪ ಕಳೆದುಕೊಂಡಾದರೂ ತೆಗೆಯುವುದು ವಾಸಿ. ಅದರಲ್ಲಿ 20 ಲಕ್ಷವನ್ನು ಅಂಚೆ ಕಚೇರಿಯ ಹಿರಿಯ ನಾಗರಿಕರ ಉಳಿತಾಯ ಯೋಜನೆಗೆ ಹಾಕಿ. 60 ದಾಟಿದವರಿಗೆ 30 ಲಕ್ಷದವರೆಗೆ ಅವಕಾಶವಿದೆ, 2023ರ ಏಪ್ರಿಲ್‌ನಲ್ಲಿ ಬಡ್ಡಿ ಶೇ 8.2 ಆಯಿತು. ಸರ್ಕಾರ ಮೂರು ತಿಂಗಳಿಗೊಮ್ಮೆ ದರ ನೋಡುತ್ತದೆ, ಆದ್ದರಿಂದ ಹೋದ ದಿನ ಕೇಳಿಕೊಳ್ಳಿ. ಸೇರಿದ ದಿನದ ದರ ಐದು ವರ್ಷವೂ ನಿಮ್ಮದೇ. 8.2ರಂತೆ 20 ಲಕ್ಷಕ್ಕೆ ಮೂರು ತಿಂಗಳಿಗೊಮ್ಮೆ 41,000 ರೂಪಾಯಿ ಕೈಗೆ ಬರುತ್ತದೆ. ಖಾತೆ ಮೇಷ್ಟ್ರ ಜೊತೆ ನಿಮ್ಮ ಹೆಸರಿನಲ್ಲೂ ಜಂಟಿಯಾಗಿರಲಿ, ಎರಡನೆಯವರಾದ ನಿಮಗೆ 60 ಆಗಿರಬೇಕೆಂದಿಲ್ಲ. ಸಂಘಕ್ಕಿಂತ ವರ್ಷಕ್ಕೆ 46,000 ಕಡಿಮೆಯಾಯಿತಲ್ಲ ಎಂದು ಮೇಷ್ಟ್ರು ಲೆಕ್ಕ ತೆಗೆಯುತ್ತಾರೆ. ನಿಮ್ಮ ಮನೆಗೆ ಅದು ಎರಡು ತಿಂಗಳ ಉಳಿತಾಯ. ಇಷ್ಟು ಕೊಟ್ಟು ನೆಮ್ಮದಿ ಕೊಳ್ಳಬಹುದು.

ಬ್ಯಾಂಕಿನ ಠೇವಣಿಗಳಲ್ಲೂ ನಿಮ್ಮ ಹೆಸರು ಸೇರಲಿ, ‘ಇಬ್ಬರಲ್ಲಿ ಯಾರಾದರೂ ಅಥವಾ ಉಳಿದವರು’ ಎಂಬ ಷರತ್ತಿನ ಮೇಲೆ. ಬ್ಯಾಂಕಿನಲ್ಲಿ ‘ಐದರ್ ಆರ್ ಸರ್ವೈವರ್’ ಎಂದರೆ ತಕ್ಷಣ ಗೊತ್ತಾಗುತ್ತದೆ. ಗಂಡ ತೀರಿಕೊಂಡ ಮೇಲೆ ಒಂದು ಠೇವಣಿಗಾಗಿ ಕಾಗದಪತ್ರ ಹಿಡಿದು ನಾಲ್ಕಾರು ಸಲ ಅಲೆದ ಹೆಂಗಸರನ್ನು ನನ್ನ ಕೌಂಟರಿನಲ್ಲಿ ಎಷ್ಟೋ ಕಂಡಿದ್ದೇನೆ.

ಮಂಡಿಯ ವಿಷಯಕ್ಕೆ ಬರುವ ಮೊದಲು ಒಂದು ಮಾತು ಹೇಳಬೇಕು. 1998ರಲ್ಲಿ ನಾನು ಒಂದು ಶಾಖೆಯಲ್ಲಿ ಅಧಿಕಾರಿಯಾಗಿದ್ದೆ. ಪರಿಚಯದ ಹಿರಿಯರೊಬ್ಬರು ಬಂದು ತಮ್ಮ 60,000 ರೂಪಾಯಿಯ ಠೇವಣಿ ಯಾವತ್ತು ಮುಗಿಯುತ್ತದೆ ಎಂದು ಕೇಳಿದರು. ಇನ್ನು 21 ದಿನ ಅಂದೆ. ಈಗಲೇ ಮುರಿಸಿದರೆ ಎಷ್ಟು ಹೋಗುತ್ತದೆ ಅಂದರು. ಒಂದು ಪರ್ಸೆಂಟು, ಸುಮಾರು 600 ರೂಪಾಯಿ ಅಂದೆ. ‘ಹಾಗಾದರೆ ಕಾಯುತ್ತೇನೆ’ ಎಂದು ಹೊರಟುಹೋದರು. ಅವರ ಹೆಂಡತಿಗೆ ಒಂದು ಕಣ್ಣಿನ ಒಳಪರದೆ ಕಳಚಿತ್ತು, ತಕ್ಷಣ ಆಪರೇಷನ್ ಎಂದಿದ್ದರು. 21 ದಿನದ ಮೇಲೆ ಹೋದಾಗ ಆ ಕಣ್ಣು ಉಳಿಯಲಿಲ್ಲ. ಠೇವಣಿ ಮುರಿಯದೆಯೇ ಅದರ ಮೇಲೆ ಅದೇ ದಿನ ಸಾಲ ಪಡೆಯಬಹುದಿತ್ತು. ಬಡ್ಡಿ ಠೇವಣಿಯ ದರಕ್ಕಿಂತ ಒಂದೆರಡು ಪರ್ಸೆಂಟು ಹೆಚ್ಚು ಅಷ್ಟೆ. 21 ದಿನಕ್ಕೆ ಅದು ಎಷ್ಟಾಗುತ್ತಿತ್ತು? ಯಾಕೆ ಕೇಳುತ್ತಿದ್ದೀರಿ ಎಂಬ ಒಂದು ಮಾತು ನನ್ನ ಬಾಯಲ್ಲಿ ಬರಲಿಲ್ಲ. ಅವತ್ತು ಸೋಮವಾರ, ಸಾಲು ಉದ್ದವಿತ್ತು. ಇಪ್ಪತ್ತೇಳು ವರ್ಷ ದಾಟಿದರೂ ಆ ‘ಕಾಯುತ್ತೇನೆ’ ನನ್ನ ಕಿವಿಯಲ್ಲಿದೆ. ಈ ಅಂಕಣ ಬರೆಯಲು ಒಪ್ಪಿಕೊಂಡಿದ್ದಕ್ಕೆ ಅವರೂ ಒಂದು ಕಾರಣ.

ಹಾಗಾಗಿ ನಿಮ್ಮ ಮಂಡಿ ಇನ್ನು ಕಾಯಬಾರದು. ದುಡ್ಡನ್ನು ಹಾಳೆಯ ಆಸ್ಪತ್ರೆಯ ಪಾಲಿನಿಂದಲೇ ತೆಗೆಯಿರಿ, ಅದು ಇರುವುದೇ ಅದಕ್ಕೆ. ಪಿಂಚಣಿಯಲ್ಲಿ ತಿಂಗಳಿಗೆ ಉಳಿಯುವ 24,000ದಲ್ಲಿ ಹತ್ತು ತಿಂಗಳೊಳಗೆ ಆ ಪಾಲು ಮತ್ತೆ ತುಂಬುತ್ತದೆ. ಮೇಷ್ಟ್ರಿಗೆ ಈ ತುಂಬುವ ಲೆಕ್ಕವನ್ನು ತೋರಿಸುವುದು ಬಹಳ ಮುಖ್ಯ. ಹೋದ ದುಡ್ಡು ಹೋಯಿತು ಎಂಬುದೇ ಅವರ ಸಂಕಟ. ಆಸ್ಪತ್ರೆಯಲ್ಲಿ ಚೌಕಾಸಿಗೂ ಅವರಿಗೆ ಕೆಲಸವಿದೆ: ಕೃತಕ ಮಂಡಿಯ ಬೆಲೆಗೆ ಕೇಂದ್ರ ಸರ್ಕಾರ 2017ರ ಆಗಸ್ಟ್‌ನಲ್ಲಿ ಮಿತಿ ಹಾಕಿದೆ. ಎರಡು ಆಸ್ಪತ್ರೆಯಲ್ಲಿ ಅಂದಾಜು ಪಟ್ಟಿ ಕೇಳಲಿ, ಕೃತಕ ಮಂಡಿಯ ಬೆಲೆಯನ್ನು ಬೇರೆಯಾಗಿ ಬರೆಸಿಕೊಳ್ಳಲಿ. ಅವರ ಜಾಗ್ರತೆ ನಿಮ್ಮ ಕೆಲಸಕ್ಕೆ ಬರಲಿ.

ಉಳಿದದ್ದರಲ್ಲಿ ಅವರನ್ನು ಅವರ ಪಾಡಿಗೆ ಬಿಡಿ. ಮನೆಯಲ್ಲಿ ಯಾರೂ ಇಲ್ಲದ ಕೋಣೆಯ ಫ್ಯಾನು ಆರಿಸುತ್ತಾರೆಯೇ, ಆರಿಸಲಿ. ಸಂತೆಗೆ ಸಂಜೆ ಹೋಗಿ ಅಗ್ಗಕ್ಕೆ ತರಕಾರಿ ತರುತ್ತಾರೆಯೇ, ತರಲಿ. ಅದರಲ್ಲಿ ಅವರಿಗೆ ಸಂತೋಷವಿದೆ, ನಿಮಗೆ ನೋವಿಲ್ಲ. ಮೂರು ತಿಂಗಳಿಗೊಮ್ಮೆ ಬರುವ ಆ 41,000 ಮಾತ್ರ ಅಮ್ಮನ ಡಬ್ಬಿಯ ಮೇಲಿನ ಚಿಲ್ಲರೆ ಎಂದು ಇಬ್ಬರೂ ಒಪ್ಪಿಕೊಳ್ಳಿ. ಮೊದಲನೆಯ ಕಂತಿಗೆ ಪುಣೆಯ ಎ.ಸಿ. ಬೋಗಿಯ ಎರಡು ಟಿಕೆಟ್, ಕೆಳಗಿನ ಬರ್ತ್.

ಪ್ರಶ್ನೆ: ನಮ್ಮ ಅತ್ತೆ ಹಾಲಿನ ಪ್ಯಾಕೆಟ್ಟನ್ನೂ ತೊಳೆದು ಒಣಗಿಸಿ ಇಡುತ್ತಾರೆ. ಇದು ಜಿಪುಣತನ ಎಂದು ಮನೆಯಲ್ಲಿ ಎಲ್ಲರೂ ನಗುತ್ತಾರೆ. ಮಿತವ್ಯಯಕ್ಕೂ ಜಿಪುಣತನಕ್ಕೂ ಏನು ವ್ಯತ್ಯಾಸ?
– ಓದುಗಿ, ಹುಬ್ಬಳ್ಳಿ

ಉತ್ತರ: ಉಳಿಸಿದ್ದು ಯಾರ ಮೈಮೇಲಿಂದ ಎಂದು ನೋಡಿ. ಪ್ಯಾಕೆಟ್ಟು ತೊಳೆಯುವ ಶ್ರಮ ಅತ್ತೆಯದೇ, ಗುಜರಿಯವನಿಗೆ ಹಾಕಿದರೆ ಬರುವ ದುಡ್ಡು ಮನೆಗೇ, ಊರಿನ ಚರಂಡಿಗೂ ಒಳ್ಳೆಯದು. ಇದರಲ್ಲಿ ನಗುವಂಥದ್ದೇನೂ ನನಗೆ ಕಾಣಲಿಲ್ಲ. ಪಾತ್ರೆ ತೊಳೆಯುವವಳಿಗೆ ನಿನ್ನೆಯ ಹಳಸಿದ ಅನ್ನ ಕೊಡುವುದು, ಅವಳು ಬಾರದ ದಿನದ ಸಂಬಳ ಹಿಡಿಯುವುದು, ಇವು ಜಿಪುಣತನ. ಅಂಥದ್ದು ಅವರಲ್ಲಿ ಇದ್ದಿದ್ದರೆ ನೀವು ಬರೆಯುತ್ತಿದ್ದಿರಿ. ಅತ್ತೆಯ ಜೊತೆ ಒಂದು ದಿನ ನೀವೂ ಪ್ಯಾಕೆಟ್ಟು ತೊಳೆಯಿರಿ.

ಪ್ರಶ್ನೆ: ನಾನು ಹಾವೇರಿ ಕಡೆಯವಳು, 27 ವರ್ಷ, ಮಂಗಳೂರಿನಲ್ಲಿ ನರ್ಸ್. ಸಂಬಳ 24,000. ಪಿ.ಜಿ.ಗೆ 8,000, ಊರಿಗೆ 6,000, ಜೊತೆಯಲ್ಲಿ ಕೆಲಸ ಮಾಡುವವರೊಬ್ಬರು ನಡೆಸುವ ಒಂದು ಲಕ್ಷದ ಚೀಟಿಗೆ 5,000 ಕಟ್ಟುತ್ತೇನೆ. ಇಪ್ಪತ್ತು ತಿಂಗಳ ಚೀಟಿ, ಎಂಟು ಕಂತು ಆಗಿದೆ. ಉಳಿದದ್ದರಲ್ಲೂ 3,000 ಉಳಿಸಲು ಬೆಳಗಿನ ತಿಂಡಿ ಬಿಟ್ಟಿದ್ದೇನೆ. ಕೈಯಲ್ಲಿ ದುಡ್ಡಿದ್ದರೆ ಧೈರ್ಯ. ಆದರೆ ಮೊನ್ನೆ ಗೆಳತಿಯರ ಜೊತೆ 180 ರೂಪಾಯಿ ಕೊಟ್ಟು ಸಿನಿಮಾ ನೋಡಿ ಎರಡು ದಿನ ಮನಸ್ಸು ಚುಚ್ಚುತ್ತಿತ್ತು. ಎಷ್ಟಾದರೆ ಸಾಕು?
– ಹೆಸರು ಬೇಡ, ಮಂಗಳೂರು

ಉತ್ತರ: ನನ್ನ ಮಗಳಿಗಿಂತ ಚಿಕ್ಕವಳು ನೀನು, ಏಕವಚನದಲ್ಲೇ ಬರೆಯುತ್ತೇನೆ. ‘ಎಷ್ಟಾದರೆ ಸಾಕು’ ಎಂದು 27ಕ್ಕೇ ಕೇಳಿದ್ದೀಯಲ್ಲ, ಸಂತೋಷವಾಯಿತು. ತಿಪಟೂರಿನ ಮೇಷ್ಟ್ರಿಗೆ ಆ ಪ್ರಶ್ನೆ 66 ಆದರೂ ಹುಟ್ಟಲಿಲ್ಲ.

ನಿನ್ನ ಡಬ್ಬಿಯ ಗೆರೆ ಸದ್ಯಕ್ಕೆ 48,000. ಊರಿಗೆ ಕಳಿಸುವುದೂ ಸೇರಿ ನಿನ್ನ ತಿಂಗಳ ಅಗತ್ಯ ಸುಮಾರು 16,000. ಅದರ ಮೂರು ಪಟ್ಟು. ಕೆಲಸ ಹೋದರೂ, ಊರಿನಿಂದ ರಾತ್ರಿ ಫೋನ್ ಬಂದರೂ ಮೂರು ತಿಂಗಳು ಯಾರ ಮುಂದೆಯೂ ಕೈಚಾಚಬೇಕಿಲ್ಲ. 16,000ದಂತೆ ಮೂರು ಬೇರೆ ಬೇರೆ ಠೇವಣಿ ಮಾಡು, ಒಂದನ್ನು ಮುರಿದರೆ ಉಳಿದೆರಡು ಹಾಗೇ ಇರುತ್ತವೆ. ನಿನಗೆ ಮದುವೆಯೋ ಮನೆಯ ಜವಾಬ್ದಾರಿಯೋ ಹೆಚ್ಚಿದಾಗ ಗೆರೆ ಏರಿಸಿಕೊಳ್ಳುವೆಯಂತೆ.

ಆ ದುಡ್ಡು ಎಲ್ಲಿಂದ ಬರಬೇಕು? ಚೀಟಿಯಿಂದಲೇ. 1982ರ ಚಿಟ್ ಫಂಡ್ ಕಾಯ್ದೆಯ ಪ್ರಕಾರ ಚೀಟಿ ನಡೆಸುವವರು ನೋಂದಣಿ ಮಾಡಿಸಿರಬೇಕು. ವಾರ್ಡಿನ ಪರಿಚಯದ ಮೇಲೆ ನಡೆಯುವ ಚೀಟಿಗೆ ಅದು ಇರಲಿಕ್ಕಿಲ್ಲ. ನಡೆಸುವವರು ಒಳ್ಳೆಯವರೇ ಇರಬಹುದು, ಆದರೆ ಕಟ್ಟುವ ಇಪ್ಪತ್ತು ಜನರಲ್ಲಿ ಇಬ್ಬರು ಕೈಕೊಟ್ಟರೆ ಅವರೇನು ಮಾಡಿಯಾರು? ನೀನು ಕಟ್ಟಿದ್ದು 40,000, ಕೈಯಲ್ಲಿ ಒಂದು ಚೂರು ಕಾಗದವಿಲ್ಲ. ಕೊನೆಯವರೆಗೆ ಕಾಯಬೇಡ. ಮುಂದಿನ ಹರಾಜಿನ ಕೂಗಿನಲ್ಲಿ ಸ್ವಲ್ಪ ಕಡಿಮೆಗಾದರೂ ಚೀಟಿ ಎತ್ತಿಕೋ. 48,000 ಠೇವಣಿಗೆ ಹಾಕು, ಮಿಕ್ಕದ್ದು ಉಳಿತಾಯ ಖಾತೆಯಲ್ಲಿರಲಿ. ಬಾಕಿ ಕಂತುಗಳನ್ನು ತಪ್ಪದೆ ಕಟ್ಟಿ ಮುಗಿಸು, ಎತ್ತಿಕೊಂಡವಳ ಮೇಲೆ ಉಳಿದವರ ದುಡ್ಡಿನ ಋಣವಿರುತ್ತದೆ. ಆಮೇಲೆ ಅದೇ 5,000ವನ್ನು ಬ್ಯಾಂಕಿನ ಅಥವಾ ಅಂಚೆಯ ಆರ್.ಡಿ.ಗೆ, ಅಂದರೆ ತಿಂಗಳು ತಿಂಗಳು ಕಟ್ಟುವ ಠೇವಣಿಗೆ, ತಿರುಗಿಸು.

ನೀನಿರುವುದು ಪಿಗ್ಮಿಯ ಸೀಮೆಯಲ್ಲಿ. ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕು 1928ರಲ್ಲಿ ದಿನಕ್ಕೆ ಎರಡಾಣೆಯಂತೆ ಮನೆಬಾಗಿಲಿಗೆ ಹೋಗಿ ಪಿಗ್ಮಿ ಎಂಬ ಸಣ್ಣ ಉಳಿತಾಯ ಕೂಡಿಸಲು ತೊಡಗಿತು. ನಾನು ಕೆಲಸ ಮಾಡಿದ ಶಾಖೆಯಲ್ಲಿ ಒಬ್ಬ ಪಿಗ್ಮಿ ಏಜೆಂಟರಿದ್ದರು. ಹೋಟೆಲ್ ಮಾಣಿಗಳ ಹತ್ತಿರ, ಹೂವಿನವರ ಹತ್ತಿರ ಬೆಳಗ್ಗೆ ಹೋಗುತ್ತಲೇ ಇರಲಿಲ್ಲ. ಯಾಕೆ ಎಂದು ಕೇಳಿದ್ದೆ. ‘ಬೆಳಗ್ಗೆ ಹೋದರೆ ತಿಂಡಿಯ ದುಡ್ಡು ಕೊಟ್ಟುಬಿಡ್ತಾರೆ ಮೇಡಂ. ರಾತ್ರಿ ಹೋದರೆ ಉಂಡು ಉಳಿದದ್ದು ಕೊಡ್ತಾರೆ’ ಅಂದರು. ಉಳಿತಾಯದ ಬಗ್ಗೆ ಬ್ಯಾಂಕಿನ ಯಾವ ತರಬೇತಿಯಲ್ಲೂ ನನಗೆ ಇದಕ್ಕಿಂತ ದೊಡ್ಡ ಮಾತು ಸಿಗಲಿಲ್ಲ.

ಸಿನಿಮಾದ 180ಕ್ಕೆ ಕೊರಗಬೇಡ, ತಿಂಗಳಿಗೊಂದು ನೋಡು. ಆದರೆ ತಿಂಡಿ ಬಿಡುವುದನ್ನು ಈ ವಾರವೇ ನಿಲ್ಲಿಸು. ರಾತ್ರಿ ಪಾಳಿಯಲ್ಲಿ ಹತ್ತಾರು ಹಾಸಿಗೆ ಸುತ್ತಿ, ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಬಸ್ಸಿಗೆ ನಿಲ್ಲುವ ಮೈ ಎಷ್ಟು ವರ್ಷ ತಡೆದೀತು, ನಿನಗೇ ನನಗಿಂತ ಚೆನ್ನಾಗಿ ಗೊತ್ತು. ಕ್ಯಾಂಟೀನಿನಲ್ಲಿ 40 ರೂಪಾಯಿ ಎಂದಿಟ್ಟುಕೊಂಡರೆ 26 ದಿನಕ್ಕೆ 1,040. ಲೆಕ್ಕದ ಪುಸ್ತಕದಲ್ಲಿ ಅದನ್ನು ಊರಿಗೆ ಕಳಿಸುವ 6,000ದ ಪಕ್ಕದಲ್ಲೇ ಬರೆದುಕೋ.